ಟ್ರಕ್ ಕೀ ಕೈಗೆ ತಗೊಳ್ಳೋ ಮುಂಚೆ ಪ್ಲೇಟ್ ಓದಿ

ನಿಮ್ಮ ಪ್ರಶ್ನೆ ಇದು: ಊರಲ್ಲಿ ಹೆವಿ ಲೈಸೆನ್ಸ್ ಇದೆ, ವರ್ಷಗಟ್ಟಲೆ ಲಾರಿ ಓಡಿಸಿದ್ದೀರಿ, ಈಗ ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದಿದ್ದೀರಿ. ಪಿಕಪ್‌ಗೆ ಟ್ರೇಲರ್ ಕಟ್ಟಿಕೊಂಡು ಲೋಡ್ ಹೊಡಿ, ಸಿಡಿಎಲ್ (ಇಲ್ಲಿನ ಕಮರ್ಷಿಯಲ್ ಡ್ರೈವಿಂಗ್ ಲೈಸೆನ್ಸ್) ಏನೂ ಬೇಡ ಅಂತ ಮಾಲೀಕ ಹೇಳ್ತಿದ್ದಾನೆ. ನಂಬಬಹುದಾ?

ಮೊದಲು ಹೆವಿ ಲೈಸೆನ್ಸ್ ವಿಷಯ. ಅದು ಇಲ್ಲಿ ಲೆಕ್ಕಕ್ಕಿಲ್ಲ. ಹೊರದೇಶದ ಲೈಸೆನ್ಸುಗಳಲ್ಲಿ ಸಿಡಿಎಲ್‌ಗೆ ಸಮ ಅಂತ ಒಪ್ಪೋದು ಕೆನಡಾ, ಮೆಕ್ಸಿಕೋದ್ದು ಮಾತ್ರ. ಬೇಜಾರಾಗುತ್ತೆ, ನನಗೂ ಬಂದ ಹೊಸತರಲ್ಲಿ ಆಗಿತ್ತು. ಘಾಟಿಯಲ್ಲಿ ಲಾರಿ ಇಳಿಸಿದ ಕೈ ಸುಮ್ಮನೆ ಹೋಗಲ್ಲ, ಆದ್ರೆ ಕಾಗದ ಹೊಸದೇ ಆಗಬೇಕು.

ಈಗ ತೂಕ. ಒಂಟಿ ಟ್ರಕ್ಕಿನ ಜಿವಿಡಬ್ಲ್ಯೂಆರ್, ಅಂದ್ರೆ ಲೋಡ್ ಸಮೇತ ಗಾಡಿ ಎಷ್ಟು ತೂಗಬಹುದು ಅಂತ ಕಂಪನಿ ಕೊಟ್ಟ ಮಿತಿ, 26,001 ಪೌಂಡ್ (ಸುಮಾರು 11.8 ಟನ್) ಅಥವಾ ಹೆಚ್ಚಿದ್ರೆ ಕ್ಲಾಸ್ ಬಿ ಸಿಡಿಎಲ್ ಬೇಕು. ಟ್ರೇಲರ್ ಒಂದೇ 10,000 ಪೌಂಡ್ ದಾಟಿ, ಎರಡೂ ಸೇರಿ 26,001 ಮುಟ್ಟಿದ್ರೆ ಕ್ಲಾಸ್ ಎ. ಡ್ರೈವರ್ ಸೇರಿ 16 ಸೀಟು, ಇಲ್ಲಾ ಬೋರ್ಡ್ ಹಾಕಲೇಬೇಕಾದ ಅಪಾಯಕಾರಿ ಸರಕು ಅಂದ್ರೆ ತೂಕ ಕಮ್ಮಿ ಇದ್ರೂ ಸಿಡಿಎಲ್ ಬೇಕು. ಏರ್ ಬ್ರೇಕ್ ಇದ್ದ ಮಾತ್ರಕ್ಕೆ ಫೆಡರಲ್ ನಿಯಮ ಸಿಡಿಎಲ್ ಕೇಳಲ್ಲ. ರಾಜ್ಯದ್ದು ಬೇರೆ ಇರಬಹುದು, ನಿಮ್ಮ ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ವಿಚಾರಿಸಿ.

ಎಲ್ಲರೂ ಸಿಕ್ಕಿಬೀಳೋದು ಟ್ರೇಲರ್ ಲೆಕ್ಕದಲ್ಲಿ. ಪಿಕಪ್ 11,000, ಟ್ರೇಲರ್ 14,000, ಒಟ್ಟು 25,000: ಸಿಡಿಎಲ್ ಬೇಡ. ಅದೇ ಟ್ರೇಲರನ್ನ ಹಿಂದೆ ಜೋಡಿ ಚಕ್ರ ಇರೋ 14,000ದ ಪಿಕಪ್‌ಗೆ ಕಟ್ಟಿ, 28,000 ಆಯ್ತು, ಕ್ಲಾಸ್ ಎ ಬೇಕೇ ಬೇಕು. ಇನ್ನೊಂದು ಕಡೆ, 26,000ದ ಟ್ರಕ್ಕಿಗೆ 9,990ರ ಟ್ರೇಲರ್ ಕಟ್ಟಿದ್ರೆ ಒಟ್ಟು 35,990 ಆದ್ರೂ ಬೇಡ, ಯಾಕಂದ್ರೆ ಟ್ರೇಲರ್ 10,000 ದಾಟಿಲ್ಲ. ಟ್ರೇಲರ್ ಮಾಡೋರು 9,990 ಅಂತ ಬರೆಯೋದೇ ಇದಕ್ಕೆ.

"ಖಾಲಿ ಟ್ರೇಲರ್ ತಾನೇ" ಅನ್ನೋ ಮಾತಿಗೆ ಬೆಲೆ ಇಲ್ಲ. ನಮ್ಮ ಆರ್‌ಸಿಯ ಲೇಡನ್ ವೇಟ್ ಹಾಗೆ, ಕಂಪನಿ ಪ್ಲೇಟಿನ ಮೇಲೆ ಒತ್ತಿರೋ ಅಂಕಿಯೇ ಲೆಕ್ಕ. ಟ್ರಕ್ಕಿನದು ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ, ಟ್ರೇಲರಿನದು ಸಾಮಾನ್ಯವಾಗಿ ಮುಂಭಾಗದ ಎಡಗಡೆ ಇರುತ್ತೆ. ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಓವರ್‌ಲೋಡ್ ಮಾಡಿದ್ರೆ ಮಾತ್ರ ಕಾಟಾದ ತೂಕವೇ ಲೆಕ್ಕಕ್ಕೆ ಬರುತ್ತೆ: 26,000ದ ಗಾಡಿ 27,000 ತೂಗಿದ್ರೆ ಸಿಡಿಎಲ್ ಇಲ್ಲದ ಕೇಸೂ ಜೊತೆಗೆ ಬೀಳುತ್ತೆ. ಗಾಡಿ ಅಲ್ಲೇ ನಿಲ್ಲಿಸ್ತಾರೆ. ಮಾಲೀಕನಿಗೂ ದಂಡ ಇದೆ, ಆದ್ರೆ ಟಿಕೆಟ್ ನಿಮ್ಮ ರೆಕಾರ್ಡಿನಲ್ಲಿ ಕೂರುತ್ತೆ, ಮುಂದೆ ಕೆಲಸ ಕೊಡೋರು ಅದನ್ನೇ ಮೊದಲು ನೋಡೋದು. ಹೊಸಬರನ್ನ ಕೆಡಿಸಿದ್ದು ಡ್ರೈವಿಂಗ್ ಅಲ್ಲ, "ಅವರು ಹೇಳಿದ್ರು" ಅನ್ನೋ ನಂಬಿಕೆ.

ಸಿಡಿಎಲ್ ಬೇಡದ ಗಾಡಿ ಅಂದ ಮಾತ್ರಕ್ಕೆ ಪೂರ್ತಿ ಬಿಡುಗಡೆ ಇಲ್ಲ. 10,001 ಪೌಂಡ್‌ನಿಂದ ಮೇಲೆ, ರಾಜ್ಯದ ಗಡಿ ದಾಟೋ ವ್ಯಾಪಾರಕ್ಕೆ ಮೆಡಿಕಲ್ ಕಾರ್ಡ್ (ಓಡಿಸೋಕೆ ಆರೋಗ್ಯ ಸರಿ ಇದೆ ಅನ್ನೋ ಸರ್ಟಿಫಿಕೇಟ್) ಬೇಕು, ವಯಸ್ಸು 21 ಆಗಿರಬೇಕು, ಇಂಗ್ಲಿಷಿನಲ್ಲಿ ಉತ್ತರ ಕೊಡೋಕೆ ಬರಬೇಕು. 2025ರ ಜೂನ್ 25ರಿಂದ ಇಂಗ್ಲಿಷ್ ಬರದಿದ್ರೆ ಡ್ರೈವರನ್ನ ರಸ್ತೆಯಲ್ಲೇ ಇಳಿಸ್ತಿದ್ದಾರೆ.

ನನ್ನ ಮಾತು ಕೇಳೋದಾದ್ರೆ ಕ್ಲಾಸ್ ಎ ಮಾಡಿಬಿಡಿ. ಬರವಣಿಗೆ ಪರೀಕ್ಷೆ ಪಾಸಾಗಿ ಪರ್ಮಿಟ್, ಆಮೇಲೆ ಸರ್ಕಾರಿ ಪಟ್ಟಿಯಲ್ಲಿರೋ ಶಾಲೆಯಲ್ಲೇ ತರಬೇತಿ (2022ರಿಂದ ಕಡ್ಡಾಯ), ಪರ್ಮಿಟ್ ಸಿಕ್ಕಿ 14 ದಿನ ಆಗೋವರೆಗೆ ಗಾಡಿ ಟೆಸ್ಟ್ ಇಲ್ಲ. ಆಟೋಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ರೆ ಗೇರ್ ಗಾಡಿ ಓಡಿಸೋ ಹಾಗಿಲ್ಲ ಅಂತ ಲೈಸೆನ್ಸ್ ಮೇಲೆ ಬೀಳುತ್ತೆ. ಗೇರ್ ನಿಮಗೆ ನೀರು ಕುಡಿದಷ್ಟು ಸುಲಭ, ಆ ಗಾಡಿಯನ್ನೇ ಕೇಳಿ.

ನಮ್ಮವರು ಎಡವೋದು ಗಾಡಿ ತಪಾಸಣೆಯಲ್ಲಿ. ಊರಲ್ಲಿ ಕ್ಲೀನರ್ ನೋಡಿಕೊಳ್ತಿದ್ದ. ಇಲ್ಲಿ ಒಂದೊಂದು ಭಾಗವನ್ನೂ ಮುಟ್ಟಿ, ಬಾಯಿಬಿಟ್ಟು ಇಂಗ್ಲಿಷಿನಲ್ಲಿ ಹೇಳಬೇಕು. ಏರ್ ಬ್ರೇಕ್ ಪರೀಕ್ಷೆಗೆ ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಿಹಿಡಿಯಿರಿ: ಒಂದು ನಿಮಿಷದಲ್ಲಿ ಟ್ರೇಲರ್ ಸಮೇತ ಗಾಳಿಯ ಒತ್ತಡ 4 ಪಿಎಸ್‌ಐಗಿಂತ (ಒತ್ತಡದ ಅಳತೆ) ಹೆಚ್ಚು ಇಳಿಯಬಾರದು. ಆಮೇಲೆ ಪೆಡಲ್ ತುಳಿತುಳಿದು ಗಾಳಿ ಇಳಿಸಿ, 55ಕ್ಕೆ ಇಳಿಯೋದರೊಳಗೆ ವಾರ್ನಿಂಗ್ ಬರಬೇಕು, 45ರಿಂದ 20ರ ನಡುವೆ ಪಾರ್ಕಿಂಗ್ ಬ್ರೇಕಿನ ವಾಲ್ವ್ ತಾನೇ ಹೊರಗೆ ಚಿಮ್ಮಬೇಕು. ಕೈ ಸರಿಯಾಗಿ ಮಾಡಿ ಬಾಯಿ ಸುಮ್ಮನಿದ್ರೆ ಮಾರ್ಕ್ಸ್ ಸಿಗಲ್ಲ. ಮನೆಯವರ ಮುಂದೆ ಜೋರಾಗಿ ಹೇಳಿ ಅಭ್ಯಾಸ ಮಾಡಿ, ನಕ್ಕರೆ ನಗಲಿ.

ಲೈಸೆನ್ಸ್ ಬಂದ ಮೇಲೆ ಸ್ವಂತ ಕಾರಿನಲ್ಲಿ ಕುಡಿದು ಸಿಕ್ಕಿಬಿದ್ರೂ ಸಿಡಿಎಲ್ ಒಂದು ವರ್ಷ ಹೋಗುತ್ತೆ. ಎರಡನೇ ಸಲಕ್ಕೆ ಜೀವಮಾನವಿಡೀ.