ಉಣ್ಣೆ ಹಾಸುವ ಮುಂಚೆ

ಎರಡು ಕೆಲಸಗಳಲ್ಲಿ ಯಾವುದನ್ನು ಆರಿಸಲಿ ಎಂದು ತಿಳಿಯದೆ ಸಿಕ್ಕಿಕೊಂಡಿದ್ದೇನೆ, ಬೈಬಲಿನ ಗಿದ್ಯೋನನ ಹಾಗೆ ದೇವರ ಬಳಿ ಗುರುತು ಕೇಳಬಹುದೇ ಎಂದಿದ್ದೀರಿ. ಸಹೋದರರೇ, ನ್ಯಾಯಸ್ಥಾಪಕರು ಪುಸ್ತಕದ 6ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. 14ನೇ ವಚನದಲ್ಲೇ ಹೋಗು, ಇಸ್ರಾಯೇಲನ್ನು ಶತ್ರುಗಳಿಂದ ಬಿಡಿಸು ಎಂಬ ಅಪ್ಪಣೆ ಅವನಿಗೆ ಆಗಿತ್ತು; ನೆಲ ಒಣಗಿದ್ದು ಉಣ್ಣೆ ಮಾತ್ರ ಇಬ್ಬನಿಯಲ್ಲಿ ನೆನೆದರೆ ನಂಬುತ್ತೇನೆ ಎಂದು ಉಣ್ಣೆ ಹಾಸಿದ್ದು 37ರಲ್ಲಿ. ಅವನು ದೇವರ ಚಿತ್ತ ತಿಳಿಯಲು ಕೇಳಲಿಲ್ಲ, ತಿಳಿದದ್ದನ್ನು ನಂಬಲಾಗದೆ ಕೇಳಿದ. ಉಣ್ಣೆ ಹಿಂಡಿದರೆ ಬೋಗುಣಿ ತುಂಬ ನೀರು ಬಂತು, ಅದೂ ಸಾಲದೆ ಮರುರಾತ್ರಿ ನೆಲ ಮಾತ್ರ ಒದ್ದೆಯಾಗಲಿ ಎಂದ. ಗುರುತಿನ ತೊಂದರೆಯೇ ಇದು, ಒಂದಕ್ಕೆ ಮನಸ್ಸು ತಣಿಯುವುದಿಲ್ಲ.

ಮೊದಲು, ಯಾವುದಾದರೂ ಕೆಲಸ ನಿಮ್ಮಿಂದ ಸುಳ್ಳು ಲೆಕ್ಕ ಬರೆಸುತ್ತದೆಯೇ ನೋಡಿ. ಬರೆಸಿದರೆ ಅದರ ಬಗ್ಗೆ ದೇವರನ್ನು ಕೇಳುವುದೇನೂ ಉಳಿದಿಲ್ಲ. ಎರಡೂ ಸರಿಯಿದ್ದರೆ, ಒಂದೊಂದನ್ನೂ ಒಂದು ವಾರ ಆರಿಸಿಕೊಂಡವರಂತೆಯೇ ಇದ್ದು ಪ್ರಾರ್ಥಿಸಿ; ಮನಸ್ಸಿನಲ್ಲಿ ಎದ್ದದ್ದನ್ನು ಅಂದಂದೇ ಬರೆದಿಡಿ. ಅದನ್ನು ನಿಮ್ಮ ಕುಂದುಗಳನ್ನು ಬಲ್ಲ ಇಬ್ಬರು ಹಿರಿಯರಿಗೆ ತೋರಿಸಿ. ಹೂಂಗುಟ್ಟುವವರು ಬೇಡ. ಕುಗ್ಗಿದ ದಿನ ನಿರ್ಧಾರ ಬದಲಿಸಬೇಡಿ. ಜೆಸ್ಯೂಟ್ ಸಂಘ ಕಟ್ಟಿದ ಕ್ರೈಸ್ತ ಸಂತ ಲೊಯೋಲಾದ ಇಗ್ನೇಷಿಯಸ್ 16ನೇ ಶತಮಾನದಲ್ಲೇ ಕೊಟ್ಟ ನಿಯಮವಿದು.

ಸಮಾಧಾನ ಸಿಕ್ಕಿತು ಎಂಬುದೊಂದನ್ನೇ ನೆಚ್ಚಬೇಡಿ. ದೇವರಿಂದ ತಪ್ಪಿಸಿಕೊಂಡು ಓಡುತ್ತಿದ್ದ ಪ್ರವಾದಿ ಯೋನನೂ ಹಡಗಿನ ಒಳಭಾಗದಲ್ಲಿ ಗಾಢ ನಿದ್ದೆಯಲ್ಲಿದ್ದ!