ಎತ್ತರದ ಹುಡುಗನನ್ನು ಕಂಬದಡಿ ನಿಲ್ಲಿಸಬೇಡಿ

ಓದುಗರ ಪತ್ರ: "ನಮ್ಮದು ದಾವಣಗೆರೆ, ಮಂಡಕ್ಕಿ ಭಟ್ಟಿ ಕೆಲಸ. ಹತ್ತನೇ ಕ್ಲಾಸಿನ ಮಗ ಈಗಲೇ ಆರಡಿ ಒಂದಿಂಚು ಇದ್ದಾನೆ. ಪಿ.ಇ. ಮೇಷ್ಟ್ರು ಬ್ಯಾಸ್ಕೆಟ್‌ಬಾಲ್‌ಗೆ ಬಿಡಿ ಅಂತಾರೆ. ನನ್ನ ತಮ್ಮ, ವಿನಯ್ ಕುಮಾರ್ ಥರ ಕ್ರಿಕೆಟ್ ಆಡಿದರೆ ಅನ್ನ, ಇದರಲ್ಲೇನಿದೆ ಅಂತಾನೆ. ಹುಡುಗ ಮೊಬೈಲಲ್ಲಿ ಅಮೆರಿಕದ ಆಟ ನೋಡಿ ಅಲ್ಲಿಗೇ ಹೋಗ್ತೀನಿ ಅಂತ ಕೂತಿದ್ದಾನೆ. ಈ ಆಟ ಆಡಿ ಬದುಕೋಕೆ ಆಗುತ್ತಾ? ಎಷ್ಟು ವರ್ಷ ಆಡಬಹುದು? ನಾನು ಈಗ ಏನು ಮಾಡಬೇಕು? ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಮಾನ್ಯರೇ, ಬದುಕೋಕೆ ಆಗುತ್ತದೆ. ಆದರೆ ಮಗ ಮೊಬೈಲಿನಲ್ಲಿ ನೋಡುವ ಬದುಕು ಬೇರೆ, ನಮ್ಮಲ್ಲಿ ಈ ಆಟ ಕೊಡುವ ಬದುಕು ಬೇರೆ. ಮೂರನೇ ಪ್ರಶ್ನೆಯೇ ಮುಖ್ಯ. ಅದಕ್ಕೆ ಜಾಗ ಉಳಿಸಿಕೊಳ್ಳಲು ಮೊದಲೆರಡನ್ನು ಬೇಗ ಮುಗಿಸುತ್ತೇವೆ.

ಮಗ ನೋಡುವ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಇರುವುದು 30 ತಂಡ. ಒಂದೊಂದರಲ್ಲಿ 15 ಕಾಯಂ ಜಾಗ, ಅದರ ಮೇಲೆ ಕೆಳಗಿನ ಲೀಗಿಗೂ ಇಲ್ಲಿಗೂ ಓಡಾಡುವ ಮೂವರು. ಇಡೀ ಪ್ರಪಂಚಕ್ಕೆ ಸೇರಿ ಐನೂರ ನಲವತ್ತು ಕುರ್ಚಿ ಅನ್ನಿ. ಪಂಜಾಬಿನ ಹಳ್ಳಿಯಿಂದ ಹೋದ ಏಳಡಿ ಎರಡಿಂಚಿನ ಸತ್ನಾಮ್ ಸಿಂಗ್ ಭಮರಾ ಅವರನ್ನು 2015ರಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವರಾಗಿ ಆರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಭಾರತೀಯ ಅವರೇ. ಆದರೂ ಮುಖ್ಯ ಲೀಗಿನ ಒಂದು ಪಂದ್ಯವೂ ಅವರ ಪಾಲಿಗೆ ಬರಲಿಲ್ಲ, ಕೆಳಗಿನ ಲೀಗಿನಲ್ಲೇ ಉಳಿದರು. ಭಾರತದಲ್ಲಿ ಹುಟ್ಟಿ ಬೆಳೆದ ಯಾರೂ ಇನ್ನೂ ಅಲ್ಲಿ ಲೀಗ್ ಪಂದ್ಯ ಆಡಿಲ್ಲ. ಹುಡುಗನ ಆಸೆ ಮುರಿಯಬೇಕೆಂದು ಇದನ್ನು ಹೇಳುತ್ತಿಲ್ಲ, ಲೆಕ್ಕ ಗೊತ್ತಿರಲಿ ಅಂತ.

ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್‌ನ ಅನ್ನ ಇರುವುದು ನೌಕರಿಯಲ್ಲಿ. ರೈಲ್ವೆ, ಸೇನೆ, ಒಎನ್‌ಜಿಸಿ, ಇಂಡಿಯನ್ ಓವರ್‌ಸೀಸ್ ಬ್ಯಾಂಕ್, ಆದಾಯ ತೆರಿಗೆ ಇಲಾಖೆ ಇಂಥವು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡು ತಂಡ ಕಟ್ಟುತ್ತವೆ. ಭಾರತ ತಂಡದ ನಾಯಕರಾಗಿದ್ದ, 2020ರ ಅರ್ಜುನ ಪ್ರಶಸ್ತಿ ಪಡೆದ ವಾರಾಣಸಿಯ ವಿಶೇಷ್ ಭೃಗುವಂಶಿ ಒಎನ್‌ಜಿಸಿ ಪರ ಆಡಿದವರು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಸಂಜೆ ಮತ್ತೆ ಅಭ್ಯಾಸ, ವರ್ಷದಲ್ಲಿ ಹಲವು ತಿಂಗಳು ಟೂರ್ನಿ ಸುತ್ತಾಟ. ಮೈ ಚೆನ್ನಾಗಿ ಇಟ್ಟುಕೊಂಡವರು ಮೂವತ್ತೆರಡು ಮೂವತ್ಮೂರರವರೆಗೆ ಆಡುತ್ತಾರೆ, ಆಮೇಲೂ ಸಂಬಳ ನಿಲ್ಲುವುದಿಲ್ಲ. ಪದವಿ ಇಲ್ಲದೆ ಸೇರಿದವರಿಗೆ ಮಾತ್ರ ಆಟ ನಿಂತ ಮೇಲೆ ಬಡ್ತಿ ಕಷ್ಟ. ಹಾಗಾಗಿ ಆಟಕ್ಕಾಗಿ ಓದು ಬಿಡಿಸುವ ಮಾತೇ ಬೇಡ. ಇನ್ನೊಂದು: ತಂಡ ಸಂಸ್ಥೆಯ ಮರ್ಜಿಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಹೆಸರು ಮಾಡಿದ್ದ ವಿಜಯಾ ಬ್ಯಾಂಕ್ ತಂಡದ ಬ್ಯಾಂಕೇ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಖಾಸಗಿ ಲೀಗುಗಳು ಬಂದಿವೆ, ಹೋಗಿವೆ. 2015ರಲ್ಲಿ ಶುರುವಾದ ಯುಬಿಎ ಎಂಬ ಲೀಗು 2017ಕ್ಕೆ ನಿಂತಿತು. ಲೀಗಿನ ದುಡ್ಡು ಹಬ್ಬದೂಟ. ಅದನ್ನು ನಂಬಿ ಮನೆಯ ಒಲೆ ಆರಿಸುವಂತಿಲ್ಲ.

ಇನ್ನು ನೀವು ಮಾಡಬೇಕಾದ್ದಕ್ಕೆ ಬರೋಣ. ನಮ್ಮ ಕಡೆ ಎತ್ತರದ ಹುಡುಗರು ಹಾಳಾಗುವುದು ಹೆಚ್ಚಾಗಿ ಒಂದೇ ದಾರಿಯಲ್ಲಿ. ಹದಿನೈದಕ್ಕೆ ಆರಡಿ ಇದ್ದವನನ್ನು ಕಂಡ ಕೂಡಲೇ ರಿಂಗಿನ ಕೆಳಗೆ ನಿಲ್ಲಿಸಿ "ನೀನು ರೀಬೌಂಡ್ (ರಿಂಗಿಗೆ ಬಡಿದು ಮರಳುವ ಚೆಂಡು) ಹಿಡಿ, ಹಾಕು, ಸಾಕು" ಅನ್ನುತ್ತಾರೆ. ತಾಲ್ಲೂಕಿನಲ್ಲೂ ಜಿಲ್ಲೆಯಲ್ಲೂ ಅವನ ತಲೆ ಎಲ್ಲರಿಗಿಂತ ಮೇಲಿರುವುದರಿಂದ ಶಾಲೆ ಗೆಲ್ಲುತ್ತದೆ, ಕಪ್ಪು ಬರುತ್ತದೆ. ನಾಲ್ಕು ವರ್ಷ ಕಳೆದಾಗ ಅವನು ಆರಡಿ ಮೂರಿಂಚಿಗೆ ನಿಂತಿರುತ್ತಾನೆ. ರಾಜ್ಯ ಮಟ್ಟದ ಆಯ್ಕೆಗೆ ಹೋದರೆ ರಿಂಗಿನಡಿಗೆ ಆರಡಿ ಏಳಿಂಚಿನವರು ಬಂದಿರುತ್ತಾರೆ. ಹೊರಗೆ ನಿಂತು ಆಡೋಣವೆಂದರೆ ಎಡಗೈಯಲ್ಲಿ ಚೆಂಡು ಪುಟಿಸಲು ಬಾರದು, ದೂರದಿಂದ ಎಸೆಯಲು ಬಾರದು. ಎನ್‌ಬಿಎ ಆಟಗಾರರ ಸರಾಸರಿ ಎತ್ತರ ಆರಡಿ ಆರಿಂಚಿನ ಆಸುಪಾಸು. ಆ ಅಳತೆಯಲ್ಲಿ ಆರಡಿ ಮೂರಿಂಚೆಂದರೆ ಚೆಂಡು ನಡೆಸಿಕೊಂಡು ಬರುವ ಗಾರ್ಡ್. ಮೇಷ್ಟ್ರ ಹತ್ತಿರ ಒಂದು ಮಾತು ಕೇಳಿಕೊಳ್ಳಿ: ಪಂದ್ಯದಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಸಾರ್, ಅಭ್ಯಾಸದಲ್ಲಿ ಮಾತ್ರ ಗಾರ್ಡ್‌ಗಳ ಜೊತೆ ಬಿಡಿ.

ಅಭ್ಯಾಸಕ್ಕೆ ಮೊದಲು ಅಳತೆ ಪಟ್ಟಿ ಹಿಡಿದು ಅಂಕಣಕ್ಕೆ ಹೋಗಿ. ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್ ಇರಬೇಕು. ಬಯಲಿನ ಅಂಕಣಗಳಲ್ಲಿ ಹಳೆಯ ಕಾಂಕ್ರೀಟಿನ ಮೇಲೆ ಇನ್ನೊಂದು ಪದರ ಹಾಕಿದಾಗ ಕಂಬ ಅಲ್ಲೇ ಇರುತ್ತದೆ, ನೆಲ ಏರುತ್ತದೆ. ಎಂಟು ಹತ್ತು ಸೆಂಟಿಮೀಟರ್ ಕಡಿಮೆಯಾದ ರಿಂಗಿಗೆ ಕೈ ಪಳಗಿದವನು ಸರಿಯಾದ ರಿಂಗಿನ ಮುಂದೆ ನಿಂತರೆ ಚೆಂಡು ಮುಂದಿನ ಅಂಚಿಗೇ ಬಡಿಯುತ್ತದೆ. ಜೋತುಬೀಳುವ ಹುಡುಗರಿಂದ ರಿಂಗಿನ ಮೂತಿ ಬಾಗಿರುವುದೂ ಉಂಟು. ಗಾರೆಯವರ ರಸಮಟ್ಟ ಇಟ್ಟರೆ ಗೊತ್ತಾಗುತ್ತದೆ, ಹಿಂದಿನ ಬೋಲ್ಟು ಬಿಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಎದುರಾಳಿ ಫೌಲ್ ಮಾಡಿದಾಗ ಅಡ್ಡಿಯಿಲ್ಲದೆ ಎಸೆಯಲು ಸಿಗುವ ಫ್ರೀ ಥ್ರೋದ ಗೆರೆ ಹಲಗೆಯ ಮುಖದಿಂದ 4.6 ಮೀಟರ್. ಮೂರು ಅಂಕದ ಗೆರೆ ರಿಂಗಿನ ನಡುವಿನ ನೇರಕ್ಕೆ ನೆಲದಿಂದ ಅಳೆದರೆ 6.75 ಮೀಟರ್, ಪಕ್ಕದ ಮೂಲೆಗಳಲ್ಲಿ 6.6. ಚೆಂಡು 7ನೇ ಸೈಜು. ತಲೆಯೆತ್ತರ, ಅಂದರೆ 1.8 ಮೀಟರಿನಿಂದ ಬಿಟ್ಟರೆ ಅದರ ಮೇಲ್ತುದಿ 1.3 ಮೀಟರಿನ ಹತ್ತಿರಕ್ಕೆ ಪುಟಿಯಬೇಕು. ಕಾಂಕ್ರೀಟಿಗೆ ಸವೆದು ನುಣುಪಾದ ಚೆಂಡು ಬೆವರು ಕೈಗೆ ಜಾರುತ್ತದೆ. ಅದರಲ್ಲಿ ಕಲಿತವನು ಅಂಗೈಯಿಂದ ತಳ್ಳುವ ಚಟ ಹತ್ತಿಸಿಕೊಳ್ಳುತ್ತಾನೆ, ಬೆರಳ ತುದಿ ಕೆಲಸವೇ ಮಾಡುವುದಿಲ್ಲ.

ಎಸೆತದ ತಪ್ಪು ಚೆಂಡು ಬೀಳುವ ಜಾಗದಲ್ಲೇ ಕಾಣುತ್ತದೆ. ರಿಂಗಿನ ಮುಂದಕ್ಕೇ ಬೀಳುತ್ತಿದ್ದರೆ ಕಾಲು ದಣಿದಿದೆ, ಮಂಡಿ ಬಾಗುತ್ತಿಲ್ಲ. ಎಡಕ್ಕೋ ಬಲಕ್ಕೋ ಹೋಗುತ್ತಿದ್ದರೆ ಮೊಣಕೈ ಹೊರಗೆ ಚಾಚಿದೆ, ಇಲ್ಲವೇ ಆಸರೆ ಕೊಡಬೇಕಾದ ಕೈಯ ಹೆಬ್ಬೆರಳು ಕೊನೆಗಳಿಗೆಯಲ್ಲಿ ಚೆಂಡನ್ನು ತಿವಿಯುತ್ತಿದೆ. ಉದ್ದಕ್ಕೆ ತಪ್ಪಿದರೆ ಶಕ್ತಿಯ ದೋಷ, ಅಡ್ಡಕ್ಕೆ ತಪ್ಪಿದರೆ ಕೈಯ ದೋಷ. ಇನ್ನೂರು ಎಸೆದೆ ಎಂದು ಮಗ ಹೇಳಿದರೆ ಒಳಗೆ ಎಷ್ಟು ಹೋಯಿತು ಕೇಳಿ. ಒಂದು ನೋಟ್‌ಬುಕ್ ಕೊಡಿಸಿ, ಐದು ಜಾಗದಿಂದ ತಲಾ ಹತ್ತು ಬುಟ್ಟಿ ಆಗುವವರೆಗೆ ಎಷ್ಟು ಎಸೆತ ಬೇಕಾಯಿತು ಎಂದು ದಿನವೂ ಬರೆಯಲಿ. ಫ್ರೀ ಥ್ರೋಗಳನ್ನು ನಿಂತು ನೂರು ಎಸೆಯುವುದರಲ್ಲಿ ಅರ್ಥವಿಲ್ಲ, ಪಂದ್ಯದಲ್ಲಿ ಅವು ಎರಡೆರಡಾಗಿ, ಅದೂ ಏದುಸಿರಿನಲ್ಲಿ ಬರುತ್ತವೆ. ಅಂಕಣದ ಉದ್ದಕ್ಕೆ ಒಮ್ಮೆ ಹೋಗಿ ಬರುವ ಓಟ, ಎರಡು ಎಸೆತ, ಮತ್ತೆ ಓಟ, ಹಾಗೆ ಆಡಿಸಿ. ಎನ್‌ಬಿಎಯ ಸರಾಸರಿಯೇ ನೂರಕ್ಕೆ 77ರ ಆಸುಪಾಸು. ಹೀಗೆ ಓಡುತ್ತಾ 70 ಹಾಕಿದ ಹುಡುಗನನ್ನು ಆಯ್ಕೆದಾರರು ಸುಮ್ಮನೆ ಬಿಡುವುದಿಲ್ಲ.

ಮಂಡಿಯ ವಿಷಯದಲ್ಲಿ ನಾವು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬೇಗ ಬೆಳೆಯುವ ಹುಡುಗರಲ್ಲಿ ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ. ಮಂಡಿಚಿಪ್ಪಿನ ಕೆಳಗಿನ ಗುಬುಟು ಮುಟ್ಟಿದರೆ ನೋಯುತ್ತದೆ. ಇದಕ್ಕೆ ಆಟ ಪೂರ್ತಿ ಬಿಡಿಸಬೇಕಿಲ್ಲ, ಜಿಗಿತ ಕಡಿಮೆ ಮಾಡಿ ಎಸೆತ, ಪಾಸು, ಚೆಂಡು ನಡೆಸುವ ಕೆಲಸ ಮುಂದುವರಿಸಬಹುದು. ಚಿತ್ರದುರ್ಗದ ಕೋಟೆ ಹತ್ತಿ ಇಳಿಯುವುದೇ ವ್ಯಾಯಾಮ ಎನ್ನುವವರಿದ್ದಾರೆ. ಹತ್ತುವುದಕ್ಕೆ ಅಡ್ಡಿಯಿಲ್ಲ, ಆದರೆ ನೋವಿರುವಾಗ ಕಲ್ಲುಮೆಟ್ಟಿಲು ಇಳಿಯುವುದು ಅದೇ ಜಾಗವನ್ನು ಕೆರಳಿಸುತ್ತದೆ. ನಿಜವಾದ ಅಪಾಯ ಇಳಿಯುವ ರೀತಿಯಲ್ಲಿದೆ. ಜಿಗಿದು ಇಳಿದಾಗ ಎರಡೂ ಮಂಡಿ ಒಳಕ್ಕೆ ಬಾಗಿ ಒಂದಕ್ಕೊಂದು ಹತ್ತಿರ ಬರುತ್ತಿದ್ದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿಯುವ ಸಂಭವ ಹೆಚ್ಚು. ಅದು ಹರಿದು ಶಸ್ತ್ರಚಿಕಿತ್ಸೆಯಾದರೆ ಅಂಕಣಕ್ಕೆ ಮರಳಲು ಒಂಬತ್ತರಿಂದ ಹನ್ನೆರಡು ತಿಂಗಳು. ಮಗ ಸ್ಟೂಲಿನಿಂದ ಧುಮುಕುವುದನ್ನು ಎದುರಿನಿಂದ ಮೊಬೈಲಿನಲ್ಲಿ ಹಿಡಿದು ನೋಡಿ, ಮಂಡಿ ಕಾಲ್ಬೆರಳ ನೇರಕ್ಕೆ ಇರಬೇಕು, ಸದ್ದು ಮೆತ್ತಗಿರಬೇಕು.

ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಎಳೆಸಬೇಡಿ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಅಥವಾ ಹರಡಿನ ಮೂಳೆಯ ಹಿಂದಿನ ಅಂಚನ್ನು ಒತ್ತಿದಾಗ ಚೀರುವಂತಿದ್ದರೆ ಅಂದೇ ಎಕ್ಸ್‌ರೇ ಆಗಲಿ. ಊತ ಇಳಿದ ಮಾತ್ರಕ್ಕೆ ಆಡಿಸಬೇಡಿ. ಆ ಒಂದೇ ಕಾಲಿನ ಮೇಲೆ ನೋವಿಲ್ಲದೆ ಹತ್ತು ಸಲ ಕುಪ್ಪಳಿಸಿದ ಮೇಲೆ ಓಟ ಶುರುವಾಗಲಿ. ಶಾಲೆ, ಕ್ಲಬ್ಬು, ಜಿಲ್ಲಾ ಶಿಬಿರ ಮೂರೂ ಒಂದೇ ವಾರ ಬಂದಾಗ ಮೂವರು ತರಬೇತುದಾರರಿಗೆ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆ ಲೆಕ್ಕ ಇಡಬೇಕಾದವರು ನೀವು. ವಾರಕ್ಕೊಂದು ದಿನ ಪೂರ್ತಿ ರಜೆ, ರಾತ್ರಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ.

ಊಟಕ್ಕೆ ಹೊಸದೇನೂ ತರಬೇಕಿಲ್ಲ. 68 ಕಿಲೋ ತೂಕದ ಹುಡುಗನಿಗೆ ದಿನಕ್ಕೆ ನೂರಹತ್ತು ಗ್ರಾಂ ಹತ್ತಿರ ಪ್ರೋಟೀನ್ ಸಾಕು. ಇನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ 20, ಒಣದಾಗಿ ತೂಗಿದ ನೂರೈವತ್ತು ಗ್ರಾಂ ಬೇಳೆಕಾಳಿನಲ್ಲಿ 33, ಅರ್ಧ ಲೀಟರ್ ಹಾಲಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 13, ನಾಲ್ಕು ಮೊಟ್ಟೆಯಲ್ಲಿ 24. ಮೊಟ್ಟೆ ತಿನ್ನದ ಮನೆಯಾದರೆ ಪನೀರು, ಗಟ್ಟಿ ಮೊಸರು. ಮಂಡಕ್ಕಿ ನಿಮ್ಮ ಮನೆಯ ಅನ್ನವೇ ಆದರೂ ಅಭ್ಯಾಸ ಮುಗಿದ ಮೇಲೆ ಬರೀ ಮಂಡಕ್ಕಿ ಮಿರ್ಚಿ ಕೊಡಬೇಡಿ. ಅದರ ಜೊತೆ ಶೇಂಗಾ, ಒಂದು ಲೋಟ ಹಾಲು ಇರಲಿ. ಜಿಮ್ಮಿನವರು ಕೊಡುವ ಡಬ್ಬ ಮಾತ್ರ ಮುಟ್ಟಿಸಬೇಡಿ. ಸತ್ನಾಮ್ ಸಿಂಗ್ ಅವರಿಗೆ 2020ರಲ್ಲಿ ಎರಡು ವರ್ಷದ ನಿಷೇಧ ಬಿದ್ದದ್ದು ಡೋಪಿಂಗ್ ಪರೀಕ್ಷೆಯಲ್ಲಿ ಹಿಜೆನಮೈನ್ ಎಂಬ ನಿಷೇಧಿತ ವಸ್ತು ಪತ್ತೆಯಾಗಿ. ಅದು ಕೆಲವು ಗಿಡಮೂಲಗಳಲ್ಲಿ ಸಹಜವಾಗಿಯೇ ಇರುತ್ತದೆ, ಹಾಗಾಗಿ "ಗಿಡಮೂಲಿಕೆ, ಏನೂ ಆಗಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಕೆಮ್ಮಿನ ಸಿರಪ್ಪಿಗೂ ಡಾಕ್ಟರ ಹತ್ತಿರ "ಹುಡುಗ ಟೂರ್ನಿ ಆಡುತ್ತಾನೆ" ಎಂದು ಹೇಳಿಯೇ ಚೀಟಿ ಬರೆಸಿ.

ವಿದೇಶದ ಮಾತು ಎರಡೇ ಸಾಲಿನಲ್ಲಿ. ಹದಿನೆಂಟು ತುಂಬುವ ಮೊದಲು ಬೇರೆ ದೇಶದ ಕ್ಲಬ್ಬಿಗೆ ವರ್ಗವಾಗಲು ಅಂತರರಾಷ್ಟ್ರೀಯ ಒಕ್ಕೂಟ ಫೀಬಾ ಅಪರೂಪದ ಸಂದರ್ಭ ಬಿಟ್ಟು ಒಪ್ಪುವುದಿಲ್ಲ, ಆಮೇಲೂ ನಮ್ಮ ಒಕ್ಕೂಟದ ಬಿಡುಗಡೆ ಪತ್ರ ಬೇಕು. ಹಾಗಾಗಿ "ಯುರೋಪಿನಲ್ಲಿ ಟ್ರಯಲ್ಸ್ ಇದೆ, ಮುಂಗಡ ಕಟ್ಟಿ" ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಅಮೆರಿಕದ ಕಾಲೇಜಿನ ದಾರಿ ಇದೆ, ಅಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯ ಅಂಕ ನೋಡುತ್ತಾರೆ. ಒಂಬತ್ತನೇ ಕ್ಲಾಸಿನ ಅಂಕಪಟ್ಟಿಯನ್ನು ರದ್ದಿಗೆ ಹಾಕಿದ್ದರೆ ಶಾಲೆಯಿಂದ ಈಗಲೇ ನಕಲು ತೆಗೆಸಿ.

ಕಾಗದದ ವಿಷಯ ಬಂದಿತಲ್ಲ, ಅದೇ ಕಡೆಯದು. ತಾಲ್ಲೂಕು, ಜಿಲ್ಲಾ ಮಟ್ಟದ ಸರ್ಟಿಫಿಕೇಟು ಗೋಡೆಗೆ ಚೆಂದ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾಕ್ಕೆ ಬೇಕಾದ್ದು ರಾಷ್ಟ್ರೀಯ ಟೂರ್ನಿಯಲ್ಲಿ ರಾಜ್ಯ ತಂಡದ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಆಡಿದ್ದು, ಅಂತರ ವಿಶ್ವವಿದ್ಯಾಲಯ ಟೂರ್ನಿ ಆಡಿದ್ದು, ಇಲ್ಲವೇ ರಾಷ್ಟ್ರೀಯ ಶಾಲಾ ಕ್ರೀಡೆಗೆ ಹೋದದ್ದು. ಅದಕ್ಕೂ ಆಯೋಜಕರು ಹಂಚುವ ಬಣ್ಣದ ಹಾಳೆ ಸಾಲದು, ನಿಗದಿತ ನಮೂನೆಯಲ್ಲೇ ಬೇಕು: ರಾಜ್ಯದ ಪರ ಆಡಿದ್ದಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಮಾಡುವ ಫಾರಂ 2, ವಿಶ್ವವಿದ್ಯಾಲಯದ ಪರವಾದರೆ ಫಾರಂ 3, ಶಾಲಾ ಕ್ರೀಡೆಗೆ ಫಾರಂ 4. ಟೂರ್ನಿ ಮುಗಿದ ತಿಂಗಳೊಳಗೆ ಮಾಡಿಸಿ. ಐದು ವರ್ಷ ಬಿಟ್ಟು ನೌಕರಿ ಅರ್ಜಿ ಹಾಕುವಾಗ ಹೋದರೆ ಕಾರ್ಯದರ್ಶಿ ಬದಲಾಗಿರುತ್ತಾರೆ, ಹಳೆಯ ತಂಡದ ಪಟ್ಟಿ ಯಾರ ಮನೆಯ ಅಟ್ಟದಲ್ಲಿದೆಯೋ ಹುಡುಕಬೇಕಾಗುತ್ತದೆ. ಪಿಯುಸಿ ಆದ ಮೇಲೆ ಪದವಿ ಕಾಲೇಜು ಆರಿಸುವಾಗಲೂ ಅಷ್ಟೇ, ಆ ವಿಶ್ವವಿದ್ಯಾಲಯ ಬ್ಯಾಸ್ಕೆಟ್‌ಬಾಲ್ ತಂಡವನ್ನು ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಪ್ರತಿ ವರ್ಷ ಕಳಿಸುತ್ತದೆಯೇ ಎಂದು ಮೊದಲು ವಿಚಾರಿಸಿ.

"ಒಂದು ವರ್ಷ ಕಡಿಮೆ ಬರೆಸಿ, ಕೆಳಗಿನ ವಯೋಮಿತಿಯಲ್ಲಿ ಆಡಿಸೋಣ" ಎಂದು ಹೇಳಿಕೊಡುವವರು ಸಿಕ್ಕೇ ಸಿಗುತ್ತಾರೆ. ಹಾಗೆ ಮಾಡಿದರೆ ಜನನ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗೂ ತಾಳೆಯಾಗದೆ ಮುಂದೆ ಪಾಸ್‌ಪೋರ್ಟಿನಲ್ಲೂ ನೌಕರಿಯಲ್ಲೂ ಸಿಕ್ಕಿಬೀಳುತ್ತೀರಿ. ಮಗ ಈಗ ಹತ್ತನೇ ಕ್ಲಾಸಿನಲ್ಲಿದ್ದಾನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಶಾಲೆಯವರು ಕಳಿಸುವ ವಿವರದಲ್ಲಿ ಅವನ ಹೆಸರು, ನಿಮ್ಮ ಹೆಸರು, ಇನಿಶಿಯಲ್ಲು, ಹುಟ್ಟಿದ ತಾರೀಕು ನಾಲ್ಕೂ ಜನನ ಪ್ರಮಾಣಪತ್ರದಂತೆಯೇ ಇವೆಯೇ ಎಂದು ಈ ವಾರವೇ ಹೋಗಿ ನೋಡಿ ಬನ್ನಿ. ಅಂಕಪಟ್ಟಿ ಅಚ್ಚಾದ ಮೇಲೆ ಒಂದಕ್ಷರ ತಿದ್ದಿಸಲು ಬೆಂಗಳೂರಿಗೆ ಎಷ್ಟು ಸಲ ಅಲೆಯಬೇಕಾಗುತ್ತದೆ ಎಂಬುದನ್ನು ನಿಮ್ಮ ಓಣಿಯಲ್ಲೇ ಯಾರಾದರೂ ಹೇಳುತ್ತಾರೆ.