ಕಲ್ಲಿನ ಬಳ್ಳಿ ಸ್ಟಿಕರ್ ತರ ಕಾಣುವುದೇಕೆ?

ಸರ್, ಹಳೇಬೀಡಿನ ದೇವಸ್ಥಾನದ ಬಳ್ಳಿ ಪಟ್ಟಿಕೆಯ (ಗೋಡೆಯುದ್ದಕ್ಕೂ ಸಾಗುವ ಕೆತ್ತನೆ ಸಾಲಿನ) ಫೋಟೋ ಇಟ್ಟುಕೊಂಡು ಬಳಪದ ಕಲ್ಲಿನಲ್ಲಿ ಕೆತ್ತಿದೆ, ಆದರೆ ಸ್ಟಿಕರ್ ಅಂಟಿಸಿದ ಹಾಗಿದೆ ಅಂದಿದ್ದೀರಿ. ನಿಮ್ಮ ಕೈಯಲ್ಲಿ ತಪ್ಪಿಲ್ಲ. ನೀವು ಬಳ್ಳಿಯನ್ನು ನೋಡಿಲ್ಲ, ಬಳ್ಳಿಯ ಫೋಟೋ ನೋಡಿದ್ದೀರಿ, ಅಷ್ಟೇ.

ನಾನೂ ಮೊದಲ ಎರಡು ವರ್ಷ ಹಾಗೇ ಮಾಡಿದ್ದೆ. ಆಮೇಲೆ ಹಿತ್ತಲಿನ ಕುಂಬಳ ಬಳ್ಳಿಯ ಮುಂದೆ ಮಣೆ ಹಾಕಿಕೊಂಡು ಕೂತೆ. ಬಳ್ಳಿ ಹಬ್ಬುವುದಕ್ಕೆ ಸ್ಪ್ರಿಂಗ್ ತರದ ಎಳೆ ಬಿಡುತ್ತದಲ್ಲ, ಅದು ಒಂದು ಕಡ್ಡಿಯನ್ನು ಹಿಡಿದುಕೊಂಡ ಮೇಲೆ ಗಮನಿಸಿ. ಅರ್ಧ ಒಂದು ಕಡೆಗೆ ಸುತ್ತಿದ್ದರೆ, ನಡುವೆ ಒಂದು ಚಿಕ್ಕ ನೇರ ತುಂಡು, ಆಮೇಲೆ ಉಳಿದರ್ಧ ಎದುರು ಕಡೆಗೆ ಸುತ್ತಿರುತ್ತದೆ. ಎರಡೂ ತುದಿ ಕಟ್ಟಿಬಿದ್ದ ಮೇಲೆ ಒಂದೇ ಕಡೆಗೆ ತಿರುಚಿಕೊಳ್ಳೋಕೆ ಆಗುವುದಿಲ್ಲ ನೋಡಿ. ನಾನು ಅಷ್ಟು ದಿನ ಅದನ್ನು ಒಂದೇ ಕಡೆಗೆ ಕೆತ್ತುತ್ತಿದ್ದೆ!

ಇನ್ನೊಂದು, ಕವಲು. ನೀವು ಕೆತ್ತಿದ್ದರಲ್ಲಿ ಕವಲು ಕಾಂಡಕ್ಕೆ ಅಡ್ಡ ಮೊಳೆ ಹೊಡೆದ ಹಾಗಿದೆ. ನಿಜವಾದ ಬಳ್ಳಿಯ ಕುಡಿ ಸ್ವಲ್ಪ ದೂರ ಕಾಂಡದ ಜೊತೆಗೇ ಹೋಗಿ ಮೆಲ್ಲಗೆ ಬಾಗುತ್ತದೆ. ಇದನ್ನು ನೋಡಿಕೊಂಡು ಆಮೇಲೆ ಹಳೇಬೀಡಿಗೆ ಹೋಗಿ. ಆನೆ, ಸಿಂಹದ ಸಾಲಿನ ಮೇಲೆ ಬಳ್ಳಿ ಸಾಲಿದೆ. ಅಲ್ಲಿ ಎಲೆಯ ನರಗಳನ್ನು ಯಾರೂ ಎಣಿಸಿ ಕೆತ್ತಿಲ್ಲ, ಆದರೆ ಆ ಬಾಗು ಮಾತ್ರ ಎಲ್ಲೂ ತಪ್ಪಿಲ್ಲ. ಏನು ಬಿಡಬೇಕು ಅನ್ನೋದು ಗಿಡ ನೋಡಿದವನಿಗೇ ಗೊತ್ತಾಗುವುದು. ಬೇಲೂರಿನ ಮದನಿಕೆಯೊಬ್ಬಳ ತಲೆಯ ಮೇಲಿನ ಚಪ್ಪರದಲ್ಲಿ ಹಣ್ಣಿನ ಮೇಲೊಂದು ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಇದೆ. ಅಂಥದ್ದು ಸುಮ್ನೆ ಕೂತು ನೋಡಿದವರ ಕೆಲಸ. ಅಲ್ಲಿ ಹೆಸರು ಕೆತ್ತಿಟ್ಟ ಶಿಲ್ಪಿಗಳಾದ ದಾಸೋಜ ಮತ್ತು ಅವನ ಮಗ ಚಾವಣ ಶಿವಮೊಗ್ಗ ಕಡೆಯ ಬಳ್ಳಿಗಾವಿಯವರು. ಮಲೆನಾಡಿನ ಹಸಿರು ಅವರ ಕೈಗೆ ಇಳಿದಿತ್ತು ಅನ್ನೋದು ನನ್ನ ಊಹೆ, ಪುರಾವೆ ಕೇಳಬೇಡಿ.

ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲಿದ್ದರೆ ಎಷ್ಟು ಆಳ ಕೆತ್ತಿದ್ದಾರೆ ಅಂತ ನೆರಳೇ ಹೇಳುತ್ತದೆ. ಫ್ಲ್ಯಾಶ್ ಹಾಕಿದರೆ ಎಲ್ಲ ಚಪ್ಪಟೆ.

ಈಗ ಕೆಲಸಕ್ಕೆ ಬನ್ನಿ. ಮೊದಲು ಜೇಡಿಮಣ್ಣಿನಲ್ಲಿ ಅಂಗೈಯಷ್ಟು ಒಂದು ಎಲೆ ಮಾಡಿ. ಆಮೇಲೆ ಕೆತ್ತಬೇಕಾದ ಕಲ್ಲನ್ನು ಒದ್ದೆ ಮಾಡಿ ಆರಲು ಬಿಡಿ. ಉಳಿದ ಜಾಗ ಒಣಗಿದ ಮೇಲೂ ಒಂದು ಗೆರೆ ಕಪ್ಪಾಗಿ ಉಳಿದರೆ ಅಲ್ಲಿ ಬಿರುಕಿದೆ ಅಂತ ಅನುಮಾನ ಪಡಿ. ಎಲೆಯ ಅಂಚಿನ ಕೆಳಗೆ ಉಳಿ ಓರೆಯಾಗಿ ಹಾಕಿ ಕಲ್ಲು ತೆಗೆಯಿರಿ, ನೆರಳು ಬೀಳಲಿ. ಆದರೆ ಕಣ್ಣಿಗೆ ಕಾಣದ ಕಡೆ ಒಂದಿಷ್ಟು ಕಲ್ಲನ್ನು ಆಸರೆಗೆ ಬಿಡಿ. ನಾನು ದುರಾಸೆಗೆ ಅದನ್ನೂ ತೆಗೆದು, ಮೂರು ವಾರದ ಕೆಲಸದ ಎಲೆ ತುದಿ ಕೈಗೇ ಬಂದಿತ್ತು. ಮೆದು ಕಲ್ಲು ಅಂತ ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಲವು ಕಡೆಯ ಬಳಪದ ಕಲ್ಲಿನಲ್ಲಿ ಆಸ್‌ಬೆಸ್ಟಾಸ್ ನಾರೂ ಇರುತ್ತದೆ. ಅದಕ್ಕೆ ಎನ್-95 ಮಾಸ್ಕ್ ಸಾಲದು, ಮುಖಕ್ಕೆ ಪಿ-100 ಫಿಲ್ಟರ್ (ತೀರಾ ಸಣ್ಣ ಧೂಳನ್ನೂ ತಡೆಯುವಂಥದ್ದು) ಹಾಕಿದ ರೆಸ್ಪಿರೇಟರ್ ಇರಲಿ, ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ. ಒಣ ಧೂಳನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ರಾತ್ರಿ ಲೈಟ್ ಆರಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ನೆರಳು ಬೀಳದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮಾರನೇ ದಿನ ಅಲ್ಲಿಂದಲೇ ಶುರು ಮಾಡಿ. ಮುಂದಿನ ಫೋಟೋನೂ ಅದೇ ಟಾರ್ಚ್ ಬೆಳಕಿನಲ್ಲೇ ಹಾಕಿ, ನೋಡೋಣ.